ಬರೀ ವೆಜ್ ಸುಟ್ಟ ಗ್ರಿಲ್

ಮೊದಮೊದಲು ಬರುತ್ತಿದ್ದ ಫೋನುಗಳಲ್ಲಿ ಅರ್ಧ ಕಿಟಕಿ ಗ್ರಿಲ್ಲಿಗೆ. ಸ್ಕ್ವೇರ್ ಫೀಟಿಗೆ ಎಷ್ಟು ಎಂದು ಕೇಳುತ್ತಿದ್ದರು. ಇದು ಕಿಟಕಿಗೆ ಹಾಕುವುದಲ್ಲ ಸಾರ್, ಇದ್ದಿಲು ಹಾಕಿ ಮಾಂಸ ಸುಡುವುದು ಎಂದು ಮಧುಕರ ವಿವರಿಸುವಷ್ಟರಲ್ಲಿ ಆ ಕಡೆಯವರು ಕಟ್ ಮಾಡಿರುತ್ತಿದ್ದರು. ಒಬ್ಬ ಮಾತ್ರ ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಕಿಟಕಿ ಮಾಡುವವರ ನಂಬರಾದರೂ ಕೊಡಿ ಎಂದಿದ್ದ.

ಮಾಲು ಬರುತ್ತಿದ್ದದ್ದು ಶಿವಾಜಿನಗರದಿಂದ. ಇಂದಿರಾನಗರ, ಕಮ್ಮನಹಳ್ಳಿಯಲ್ಲಿ ಹೋಟೆಲುಗಳು ತೆರೆದ ವೇಗದಲ್ಲೇ ಮುಚ್ಚುತ್ತವೆ. ಮುಚ್ಚಿದಾಗ ಅಡುಗೆಮನೆಯ ಕಬ್ಬಿಣವೆಲ್ಲ ಗುಜರಿಗೆ ಬೀಳುತ್ತದೆ. ಮಧುಕರನ ಗೆಳೆಯ ಸಕ್ಲೇನನ ಅಪ್ಪ ಶೌಕತ್ ಅವರದು ಅಲ್ಲೊಂದು ಗುಜರಿ ಅಂಗಡಿ. ಸಕ್ಲೇನ್ ಗ್ರಿಲ್ಲುಗಳನ್ನು ತೂಕಕ್ಕೆ ಕೊಂಡು, ಜಿಡ್ಡು ಸುಟ್ಟು, ತುಕ್ಕು ಉಜ್ಜಿ, ತೂತಾದಲ್ಲಿ ವೆಲ್ಡಿಂಗ್ ಮಾಡಿಸಿ, ಶಾಖ ತಡೆಯುವ ಕರಿ ಬಣ್ಣ ಹೊಡೆಯುತ್ತಿದ್ದ. ಸರಳುಗಳನ್ನು ಮಾತ್ರ ಹೊಸದಾಗಿ ಹಾಕಿಸುತ್ತಿದ್ದ. ಫೋಟೋ ತೆಗೆದು ಹಳೇ ಸಾಮಾನು ಮಾರುವ ಆ್ಯಪಿಗೆ ಹಾಕುವುದು, ರೇಟು, ಮಾತುಕತೆ ಮಧುಕರನದು. ಡಿಪ್ಲೊಮಾ ಮುಗಿಸಿ ಸೇರಿದ್ದ ಗೋಡೌನಿನ ಕೆಲಸ ಹೋದ ಮೇಲೆ ಅವನಿಗೆ ಇದ್ದದ್ದು ಇದೊಂದೇ. ಬಂದದ್ದರಲ್ಲಿ ಇಬ್ಬರಿಗೂ ಸಮಪಾಲು.

ರೇಟು ಹಾಕುವುದು ಕಬ್ಬಿಣ ನೋಡಿಯಲ್ಲ ಎಂದು ಮಧುಕರ ಬೇಗ ಕಲಿತ. ಶಿವಾಜಿನಗರದ ಗಲ್ಲಿಯಲ್ಲಿಟ್ಟು ಫೋಟೋ ತೆಗೆದರೆ ಕದ್ದ ಮಾಲಾ ಎಂದು ಕೇಳುತ್ತಾರೆ. ಅದನ್ನೇ ಕಗ್ಗದಾಸಪುರದಲ್ಲಿ ತನ್ನ ಮನೆ ಮುಂದೆ, ದಾಸವಾಳದ ಕುಂಡದ ಪಕ್ಕ ನಿಲ್ಲಿಸಿ ತೆಗೆದು, ಜಾಗದ ಹೆಸರಿನಲ್ಲಿ ‘ಇಂದಿರಾನಗರದ ಹತ್ತಿರ’ ಎಂದು ಹಾಕಿದರೆ ಒಂದು ಸಾವಿರ ಮೇಲೆ. ‘ಹೋಟೆಲಿನದು’ ಎಂದರೆ ಚೌಕಾಸಿ, ‘ಮನೆ ಬಳಕೆಯದು’ ಎಂದರೆ ನಂಬಿಕೆ. ಅಕೌಂಟು ಮೊದಲು ಸಕ್ಲೇನನ ಹೆಸರಲ್ಲಿತ್ತು. ವಾರಕ್ಕೆ ಒಂದೋ ಎರಡೋ ಮೆಸೇಜು. ಅದೇ ಫೋಟೋ, ಅದೇ ರೇಟು ಮಧುಕರನ ಹೆಸರಲ್ಲಿ ಹಾಕಿ ನೋಡಿದಾಗ ಸಂಜೆಯೊಳಗೆ ಫೋನ್ ಬಿಸಿಯಾಯಿತು. ಸಕ್ಲೇನ್ ಆ ಮೆಸೇಜುಗಳನ್ನು ಮೇಲೆ ಕೆಳಗೆ ತಳ್ಳಿ ನೋಡಿದ.

‘ನಿನ್ ಮುಖ ಚೆನ್ನಾಗಿದೆ ಮಗಾ,’ ಎಂದು ಫೋನ್ ವಾಪಸ್ ಕೊಟ್ಟ.

ಆ ವಿಷಯವನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ವೆಜ್ಜಿನ ಮಾತು ಶುರುವಾದದ್ದು ಡಿಸೆಂಬರಿನಲ್ಲಿ. ಹೊಸ ವರ್ಷಕ್ಕೆ ಟೆರೇಸಿನ ಮೇಲೆ ಬೆಂಕಿ ಹಾಕಿಕೊಂಡು ಕೂರುವ ಆಸೆ ಎಲ್ಲರಿಗೂ ಬರುವ ತಿಂಗಳು ಅದು. ಒಬ್ಬಾಕೆ ರೇಟಿಗೆಲ್ಲ ಒಪ್ಪಿ, ಕೊನೆಗೆ ಇದರಲ್ಲಿ ನಾನ್‌ವೆಜ್ ಮಾಡಿದ್ದಾರಾ ಎಂದು ಕೇಳಿದಳು. ಚೆನ್ನಾಗಿ ಕ್ಲೀನ್ ಮಾಡಿದೆ ಮೇಡಮ್, ಸರಳು ಪೂರ್ತಿ ಹೊಸದು ಎಂದು ಮಧುಕರ ಬರೆದ. ಅವಳು ‘ಓಕೆ’ ಎಂದಳು, ಮತ್ತೆ ಬರಲಿಲ್ಲ. ಆಮೇಲೆ ಇನ್ನೊಬ್ಬ ಹಾಗೇ ಹೋದ. ಮೂರನೆಯ ಸಲಕ್ಕೆ ಮಧುಕರ ಕಾಯಲಿಲ್ಲ. ಹೊಸ ಗ್ರಿಲ್ಲಿನ ಫೋಟೋ ಕೆಳಗೆ ತಾನೇ ಬರೆದ: ‘ಬರೀ ವೆಜ್ ಮಾಡಿದ್ದು. ಜೋಳ, ಪನೀರ್ ಮಾತ್ರ. ಪ್ಯೂರ್ ವೆಜ್ ಫ್ಯಾಮಿಲಿ.’ ಎಂಟು ಸಾವಿರ ಹಾಕಬೇಕಿದ್ದಲ್ಲಿ ಹನ್ನೊಂದು ಹಾಕಿದ. ಆಮೇಲೆ ಉಳಿದವಕ್ಕೂ ಅದನ್ನೇ ಹಾಕಿದ.

ಮೊದಲು ಹಾಕಿದ ಆ ಗ್ರಿಲ್ ಬಂದದ್ದು ಕಮ್ಮನಹಳ್ಳಿಯಲ್ಲಿ ಬೀಫ್ ಸುಟ್ಟು ಕೊಡುತ್ತಿದ್ದ ಒಂದು ಸ್ಟೇಕ್ ಹೋಟೆಲಿನಿಂದ. ಸಕ್ಲೇನ್ ಅದರ ಜಿಡ್ಡು ಸುಡುವಾಗ ಗಲ್ಲಿಯ ನಾಯಿಗಳೆಲ್ಲ ಬಂದು ಅಂಗಡಿ ಮುಂದೆ ಕೂತಿದ್ದವು.

ಸಕ್ಲೇನ್ ಜಾಹೀರಾತು ಓದಿ ನಕ್ಕ. ‘ಹಲಾಲ್ ಅಂತಾನೂ ಹಾಕ್ಬಿಡು. ಎರಡೂ ಕಡೆಯೋರು ಬರ್ತಾರೆ.’ ಮತ್ತೊಮ್ಮೆ ಓದಿ, ‘ಯಾರ್ದು ಈ ಪ್ಯೂರ್ ವೆಜ್ ಫ್ಯಾಮಿಲಿ?’ ಎಂದು ಕೇಳಿದ.

‘ನಮ್ದು.’

‘ಅಮ್ಮನ್ನ ಕೇಳಿದ್ಯಾ?’

ಮಧುಕರ ಕೇಳಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಅವನ ಅಮ್ಮ ಅಮೃತಮ್ಮ ಇಂದಿರಾನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಮಧುಕರ ಸಣ್ಣವನಿದ್ದಾಗ ಅವರು ಹಲಸೂರು, ಮರ್ಫಿ ಟೌನ್, ಜೀವನಹಳ್ಳಿ ಎಂದು ಬಾಡಿಗೆ ಮನೆ ಬದಲಿಸುತ್ತಲೇ ಇದ್ದರು. ಪ್ರತಿ ಮನೆಯಲ್ಲೂ ಓನರ್ ಕೇಳುತ್ತಿದ್ದ ಮೊದಲ ಪ್ರಶ್ನೆ ಅಡ್ವಾನ್ಸಿನದಲ್ಲ, ವೆಜ್ಜಾ ನಾನ್‌ವೆಜ್ಜಾ ಎಂಬುದು. ಅದು ಬರೀ ಊಟದ ಪ್ರಶ್ನೆಯಲ್ಲ ಎಂದು ಕೇಳುವವರಿಗೂ ಗೊತ್ತಿತ್ತು, ಉತ್ತರ ಕೊಡುವವಳಿಗೂ ಗೊತ್ತಿತ್ತು. ಅಪ್ಪ ಗೇಟಿನಾಚೆ ನಿಲ್ಲುತ್ತಿದ್ದ. ಅಮೃತಮ್ಮನೇ ಮುಂದೆ ಹೋಗಿ ಹೇಳುತ್ತಿದ್ದಳು: ಮೊಟ್ಟೆನೂ ತರಲ್ಲಮ್ಮ ನಾವು. ಆಮೇಲೆ ಆ ಮನೆಯಲ್ಲಿ ಇದ್ದಷ್ಟು ದಿನ, ಯಾವತ್ತಾದರೂ ಬೀಫ್ ತಿನ್ನಬೇಕು ಅನ್ನಿಸಿದರೆ ಅಜ್ಜಿ ಮನೆಗೆ ಹೋಗಿ ತಿಂದು, ಅಲ್ಲೇ ಬಾಯಿ ತೊಳೆದುಕೊಂಡು ಬರುತ್ತಿದ್ದರು.

ಚೀಟಿ ಎತ್ತಿ, ಒಡವೆ ಮಾರಿ ಕಗ್ಗದಾಸಪುರದಲ್ಲಿ ಅರ್ಧ ಸೈಟು ಕೊಂಡು ಎರಡು ಕೋಣೆ ಕಟ್ಟಿದ ದಿನ ಅಮೃತಮ್ಮ ನೆಂಟರ ಮುಂದೆ ಒಂದು ಮಾತು ಹೇಳಿದಳು. ಇನ್ನು ಸಾಯೋವರೆಗೂ ಯಾರ ಮುಂದೇನೂ ನಾನು ವೆಜ್ ಅಂತ ಹೇಳಲ್ಲ. ನೆಂಟರು ನಕ್ಕರು. ಅವಳು ನಗಲಿಲ್ಲ. ಅಪ್ಪ ಆ ಮನೆಯಲ್ಲಿ ಒಂದು ವರ್ಷ ಇದ್ದು ತೀರಿಕೊಂಡ. ಅವಳು ಮಾತ್ರ ಆ ಮಾತು ತಪ್ಪಿರಲಿಲ್ಲ. ಭಾನುವಾರ ರಜೆ. ಬೆಳಿಗ್ಗೆಯೇ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಹೋಗಿ ‘ದೊಡ್ಡದು’ ತರುತ್ತಿದ್ದಳು. ಬೀಫನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ. ಪಕ್ಕದ ಮನೆಯವರು ಏನಮ್ಮ ಇವತ್ತು ಎಂದರೆ, ದೊಡ್ಡದು ಎಂದು ರಸ್ತೆಗೆ ಕೇಳುವ ಹಾಗೆ ಹೇಳುತ್ತಿದ್ದಳು.

ಆ ಸ್ಟೇಕ್ ಹೋಟೆಲಿನ ಗ್ರಿಲ್ಲಿಗೆ ಇಂದಿರಾನಗರದಿಂದ ನಂದಿತಾ ಎಂಬಾಕೆ ಮೆಸೇಜು ಮಾಡಿದಳು. ಚೌಕಾಸಿ ಮಾಡಲಿಲ್ಲ. ಅತ್ತೆಯನ್ನು ಕರೆದುಕೊಂಡು ಭಾನುವಾರ ಬಂದು ನೋಡುತ್ತೇನೆ, ಅತ್ತೆ ಒಪ್ಪಿದರೆ ಆಗಲೇ ತೆಗೆದುಕೊಂಡು ಹೋಗುತ್ತೇನೆ ಎಂದಳು.

ಆ ಭಾನುವಾರ ಅಮೃತಮ್ಮ ಸಿಂಕಿನ ಹತ್ತಿರ ಮಾಂಸ ತೊಳೆಯುತ್ತಿದ್ದಾಗ ಮಧುಕರ ಹೋಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

‘ಅಮ್ಮ, ಅದನ್ನ ಸಂಜೆ ಮಾಡ್ತೀಯಾ?’

‘ಯಾಕೆ?’

ಗ್ರಿಲ್ ನೋಡಲು ಜನ ಬರುತ್ತಾರೆ ಎಂದ. ಬರಲಿ, ಅವರಿಗೂ ಒಂದೆರಡು ತುಂಡು ಹಾಕಿದರಾಯಿತು ಎಂದಳು. ಆಗ ಅವನು ಏನು ಬರೆದಿದ್ದೇನೆಂದು ಹೇಳಬೇಕಾಯಿತು. ಆ ಸಾಲನ್ನು ಇಂಗ್ಲಿಷಿನಲ್ಲೇ ಹೇಳಿದ, ಬರೀ ವ್ಯಾಪಾರದ ಮಾತು ಅನ್ನಿಸಲಿ ಎಂದು. ಎಲ್ಲರೂ ಹೀಗೇ ಹಾಕುತ್ತಾರೆ, ಅದಕ್ಕೊಂದು ರೇಟು ಇದೆ ಎಂದೂ ಸೇರಿಸಿದ. ಅಮೃತಮ್ಮ ನಲ್ಲಿ ನಿಲ್ಲಿಸಿದಳು. ಮಾಂಸವನ್ನು ಡಬ್ಬಿಗೆ ಹಾಕಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟಳು. ಕೈಯನ್ನು ಸೋಪು ಹಾಕಿ, ಮತ್ತೊಮ್ಮೆ ಸೋಪು ಹಾಕಿ ತೊಳೆದಳು.

‘ಬೇಕಾದ್ರೆ ನೀನ್ ಹೇಳ್ಕೋ. ನನ್ ಬಾಯಿಂದ ಆ ಮಾತು ಬರಲ್ಲ.’

‘ನೀನೇನೂ ಹೇಳೋದು ಬೇಡ. ಹೊರಗಡೇನೇ ತೋರ್ಸಿ ಕಳಿಸ್ಬಿಡ್ತೀನಿ.’

ಅವಳು ಅವರೆಕಾಯಿ ಸುಲಿಯಲು ಕೂತಳು. ಮಧುಕರ ಹೊರಕೋಣೆಯಲ್ಲಿ ನಿಂತು ಸುತ್ತ ನೋಡಿದ. ಗೋಡೆಯ ಮೇಲೆ ಬುದ್ಧನ ಚಿತ್ರ. ಒಳಕೋಣೆಯ ಗೋಡೆಯಲ್ಲಿ ನೀಲಿ ಕೋಟಿನ ಅಂಬೇಡ್ಕರ್ ಫೋಟೋ, ಇಲ್ಲಿಂದ ನೇರ ಕಾಣುತ್ತದೆ. ಅಮ್ಮ ತಲೆ ಎತ್ತದಿದ್ದಾಗ ನೋಡಿ ಒಳಕೋಣೆಯ ಪರದೆ ಎಳೆದ. ಪರದೆಯ ರಿಂಗುಗಳು ಸದ್ದು ಮಾಡಿದವು. ಅವರೆಕಾಯಿ ಸುಲಿಯುತ್ತಿದ್ದ ಕೈ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಸಕ್ಲೇನ್ ತನ್ನ ಟೆಂಪೊದಲ್ಲಿ ಮೊದಲೇ ಬಂದು ಕೂತಿದ್ದ. ನಂದಿತಾ ಬಂದು ಗ್ರಿಲ್ಲಿನ ಮುಚ್ಚಳ ತೆಗೆದು, ಫೋನಿನ ಟಾರ್ಚ್ ಹಾಕಿ ಒಳಗೆಲ್ಲ ನೋಡಿದಳು. ಹೊಸದರ ಹಾಗೇ ಇದೆ ಎಂದಳು. ಹತ್ತಿರ ಬಂದ ಸಕ್ಲೇನನನ್ನು ನೋಡಿ ಇವರು ಯಾರು ಎಂದು ಕೇಳಿದಳು.

‘ಗಾಡಿಯೋರು,’ ಎಂದ ಮಧುಕರ.

ಸಕ್ಲೇನ್ ಅವನನ್ನು ಒಮ್ಮೆ ನೋಡಿ, ‘ಹೌದು ಮೇಡಮ್, ಬಾಡಿಗೆ ಬೇರೆ. ಆರ್ನೂರು,’ ಎಂದ. ನಂದಿತಾ ಆಗಲಿ ಎಂದಳು. ಆ ಆರುನೂರನ್ನು ಅವನು ಲೆಕ್ಕಕ್ಕೆ ತರಲಿಲ್ಲ, ಮಧುಕರ ಕೇಳಲೂ ಇಲ್ಲ.

ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅತ್ತೆಗೆ ಶುಗರ್ ಇತ್ತು. ಮಂಡಿ ನೋವಿನ, ದಪ್ಪ ಕನ್ನಡಕದ ಆ ಹೆಂಗಸು ಕಾರಿಳಿದು, ಬಾತ್‌ರೂಮ್ ಎಲ್ಲಿದೆಯಪ್ಪ ಎಂದು ಕೇಳಿ ಮನೆಯೊಳಗೇ ಬಂದುಬಿಟ್ಟಳು. ಬಾತ್‌ರೂಮಿನಿಂದ ಬಂದ ಮೇಲೆ ಸುಸ್ತಾಗಿ ಹೊರಕೋಣೆಯ ಕುರ್ಚಿಯಲ್ಲಿ ಕೂತಳು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಅಭ್ಯಾಸ ಅಮೃತಮ್ಮನಿಗಿಲ್ಲ. ಕಾಫಿಗೆ ಇಟ್ಟಳು. ನಂದಿತಾಳೂ ಬಂದು ಅತ್ತೆಯ ಪಕ್ಕ ನಿಂತಳು.

ಅತ್ತೆ ಗೋಡೆ ನೋಡಿದಳು. ‘ಬುದ್ಧ. ಒಳ್ಳೇದಮ್ಮ. ಪ್ರಾಣಿಹಿಂಸೆ ಬೇಡ ಅಂದೋನು.’

ಅಮೃತಮ್ಮ ಲೋಟಗಳನ್ನು ಒರೆಸಿಟ್ಟಳು.

ಕೆಟ್ಟ ಹೆಂಗಸಲ್ಲ ಆ ಅತ್ತೆ. ಅಮೃತಮ್ಮನ ಕೆಲಸದ ಬಗ್ಗೆ ಕೇಳಿದಳು, ಆಸ್ಪತ್ರೆ ಕೆಲಸ ಪುಣ್ಯದ ಕೆಲಸ ಎಂದಳು, ನಿಂತೇ ಇದ್ದೀರಲ್ಲ ಕೂತ್ಕೊಳ್ಳಿ ಎಂದಳು. ಕಾಫಿ ಲೋಟ ಮುಂದೆ ಬಂದಾಗ ಕೈ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡಳು.

‘ನೋಡಿ, ನನ್ ಮಗ ಸೊಸೆ ಹೊರಗಡೆ ಏನ್ ತಿಂತಾರೋ ನಾನ್ ಕೇಳಕ್ಕೋಗಲ್ಲ. ನನ್ ಮನೆ ಮೇಲಕ್ಕೆ ಬರೋ ವಸ್ತು ಶುದ್ಧವಾಗಿರ್ಬೇಕು, ಅಷ್ಟೆ. ಗಂಡ್ ಹುಡುಗ್ರು ಮಾರೋಕೆ ಏನ್ ಬೇಕಾದ್ರೂ ಬರೀತಾರೆ. ನೀವ್ ಹೇಳಿ. ಮನೆ ಹೆಂಗಸು ಹೇಳಿದ್ರೆ ನಂಗೆ ಸಾಕು. ಇದ್ರಲ್ಲಿ ಅಂಥದ್ದೇನೂ ಮಾಡಿಲ್ಲ ತಾನೆ?’

ಅಮೃತಮ್ಮ ಮಗನ ಕಡೆ ನೋಡಿದಳು. ಸುಮ್ಮನೆ ನೋಡಿದ್ದಲ್ಲ, ಕಾದಳು. ಅವನು ಹೌದು ಎನ್ನಬಹುದಿತ್ತು, ಇಲ್ಲ ಎನ್ನಬಹುದಿತ್ತು, ಯಾವುದಾದರೂ ಒಂದು ಸುಳ್ಳನ್ನು ತನ್ನ ಬಾಯಿಂದಲೇ ಹೇಳಬಹುದಿತ್ತು. ಸುಳ್ಳು ಅವನದೇ ತಾನೆ. ಅವನು ನಂದಿತಾ ಕಡೆ ತಿರುಗಿ, ‘ಮೇಡಮ್, ಲೋಡ್ ಮಾಡ್ಸೋಣ್ವಾ?’ ಎಂದ.

‘ಛೆ ಛೆ,’ ಎಂದಳು ಅಮೃತಮ್ಮ. ‘ಮೊಟ್ಟೆನೂ ತರಲ್ಲಮ್ಮ ನಾವು. ಇವ್ರಪ್ಪ ಇದ್ದಾಗಿಂದ್ಲೂ ಹಾಗೇನೇ.’

ಆ ದನಿ ಮಧುಕರನಿಗೆ ಗೊತ್ತಿತ್ತು. ಅವಳು ಮನೆಯಲ್ಲಿ ಆಡುವ ದನಿಗಿಂತ ಸ್ವಲ್ಪ ಮೇಲೆ, ಸ್ವಲ್ಪ ನಗು ಬೆರೆಸಿ, ಒಂದು ಹೆಜ್ಜೆ ಹಿಂದೆ ನಿಂತು ಆಡುವ ದನಿ. ಜೀವನಹಳ್ಳಿಯ ಓನರಮ್ಮನ ಜಗಲಿಯಲ್ಲಿ ಅವಳ ಸೆರಗು ಹಿಡಿದು ನಿಂತು ಕೇಳಿದ್ದು. ಇಷ್ಟು ವರ್ಷವಾದರೂ ಅದು ಎಲ್ಲೂ ತುಕ್ಕು ಹಿಡಿದಿರಲಿಲ್ಲ. ಅಪ್ಪನನ್ನು ಬೇರೆ ಸೇರಿಸಿದ್ದಳು. ಅಪ್ಪ ಬೋಟಿ ಗೊಜ್ಜು ಇಲ್ಲದ ಭಾನುವಾರವನ್ನು ಭಾನುವಾರ ಎಂದೇ ಒಪ್ಪುತ್ತಿರಲಿಲ್ಲ.

ಅತ್ತೆ ಕಾಫಿ ತೆಗೆದುಕೊಂಡು ಪೂರ್ತಿ ಕುಡಿದಳು. ಚೆನ್ನಾಗಿದೆ ಎಂದಳು. ಮನೆಯನ್ನು ಮತ್ತೊಮ್ಮೆ ಕಣ್ಣಾಡಿಸಿ ನೋಡಿದಳು.

‘ಎಷ್ಟು ಚೊಕ್ಕವಾಗಿ ಇಟ್ಕೊಂಡಿದೀರಿ. ಮನೆ ನೋಡಿದ್ರೇನೇ ಗೊತ್ತಾಗತ್ತೆ ಬಿಡಿ.’

ಅಮೃತಮ್ಮ ಇನ್ನೊಂದು ಲೋಟ ಕಾಫಿ ಹಿಡಿದುಕೊಂಡು ಹೊರಗೆ ಹೋದಳು. ಸಕ್ಲೇನ್ ಯಾವತ್ತೂ ಒಳಗೆ ಬಂದು ನೆಲದ ಮೇಲೆ ಕಾಲು ಚಾಚಿ ಕೂತು ಕಾಫಿ ಕುಡಿಯುವವನು. ಇವತ್ತು ಟೆಂಪೊ ಹತ್ತಿರ ಬಿಸಿಲಿನಲ್ಲಿ ನಿಂತು ಕುಡಿದ. ಅಮೃತಮ್ಮ ಅವನ ಪಕ್ಕದಲ್ಲೇ ನಿಂತಳು. ದುಡ್ಡು ಫೋನಿಗೆ ಬಂದು, ಗ್ರಿಲ್ಲಿಗೆ ಹಗ್ಗ ಬಿಗಿದು, ಕಾರು ತಿರುಗಿಸಿಕೊಂಡು ಅವರು ಹೋಗುವವರೆಗೂ ಅವಳು ಒಳಗೆ ಬರಲಿಲ್ಲ.

ಬಂದ ಮೇಲೆ ಪರದೆ ಸರಿಸಿದಳು. ಊಟಕ್ಕೆ ಅವರೆಕಾಳು ಸಾರು ಬಡಿಸಿದಳು. ಮಧುಕರ ಏನಾದರೂ ಹೇಳಬೇಕೆಂದು ತಟ್ಟೆ ನೋಡುತ್ತ ಕೂತ. ಸಾರಿ ಎನ್ನುವುದು ಅವರ ಮನೆಯಲ್ಲಿ ಬಳಕೆಯಲ್ಲಿರಲಿಲ್ಲ. ಅನ್ನ ಇನ್ನೂ ಸ್ವಲ್ಪ ಹಾಕ್ಲಾ ಎಂದು ಅವಳೇ ಕೇಳಿದಳು. ಬೈದಿದ್ದರೆ ಊಟ ಇಳಿಯುತ್ತಿತ್ತು.

ಸಂಜೆ ಸಕ್ಲೇನ್ ಫೋನ್ ಮಾಡಿ, ಟೆರೇಸಿಗೆ ಹೊರಿಸಿದರು, ಮೂರು ಮಹಡಿ ಎಂದು ಬೈದುಕೊಂಡ. ಆಮೇಲೆ ದನಿ ಇಳಿಸಿದ.

‘ಅಮ್ಮ ಏನ್ ಕೇಳಿದ್ರು ಗೊತ್ತಾ, ಕಾಫಿ ಕೊಡ್ತಾ? ಇಂಥವು ಇನ್ನೂ ಎಷ್ಟಿವೆ ಅಂತ. ನಾಕೈದಿವೆ ಅಂದೆ. ಹ್ಞೂಂ ಅಂದ್ರು. ಏನಾಯ್ತೋ ಒಳಗಡೆ?’

ಏನಿಲ್ಲ ಎಂದ ಮಧುಕರ. ಸಕ್ಲೇನ್ ನಂಬಲಿಲ್ಲ.

‘ನನ್ನ ಗಾಡಿಯೋನು ಅಂದೆ, ಪರ್ವಾಗಿಲ್ಲ, ನಂಗೆ ಆರ್ನೂರು ಸಿಕ್ತು. ಅಮ್ಮಂಗೇನ್ ಸಿಕ್ತು?’

ನಂದಿತಾ ಆ್ಯಪಿನಲ್ಲಿ ಐದು ಸ್ಟಾರ್ ಕೊಟ್ಟಿದ್ದಳು. ಕೆಳಗೆ ಬರೆದಿದ್ದಳು: ‘ನಂಬಬಹುದಾದ ಜನ. ಅಪ್ಪಟ ಸಸ್ಯಾಹಾರಿ ಕುಟುಂಬ. ಅವರ ತಾಯಿ ತುಂಬಾ ಒಳ್ಳೆಯವರು.’ ಅದನ್ನು ಅಳಿಸಲು ದಾರಿ ಇದೆಯೇ ಎಂದು ಮಧುಕರ ಹುಡುಕಿದ. ಇರಲಿಲ್ಲ. ಅದನ್ನು ನೋಡಿದವರೆಲ್ಲ ಫೋನ್ ಮಾಡತೊಡಗಿದರು. ಒಬ್ಬ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿಗೇ ಎರಡು ಬೇಕು ಎಂದ. ಅಂಗಡಿಯಲ್ಲಿದ್ದ ಉಳಿದ ಗ್ರಿಲ್ಲುಗಳನ್ನೆಲ್ಲ ಅದೇ ರೇಟಿಗೆ ಮಾರಬಹುದಿತ್ತು. ಮಧುಕರ ಯಾರಿಗೂ ಸರಿಯಾದ ಉತ್ತರ ಕೊಡದೆ, ನೋಡಿ ಹೇಳ್ತೀನಿ ಸಾರ್ ಎಂದು ತಳ್ಳುತ್ತ ಹೋದ.

ಫ್ರಿಜ್ಜಿನಲ್ಲಿದ್ದ ಮಾಂಸವನ್ನು ಅಮೃತಮ್ಮ ವಾರದ ಮಧ್ಯೆ ಪಕ್ಕದ ಬೀದಿಯ ವೆಂಕಟಮ್ಮನಿಗೆ ಕೊಟ್ಟಳು. ಯಾಕೆ ಎಂದು ಮಧುಕರ ಕೇಳಿದ್ದಕ್ಕೆ, ಮಾಡೋಕೆ ಮನಸ್ಸಾಗಲಿಲ್ಲ ಎಂದಳು. ಮುಂದಿನ ಭಾನುವಾರ ಅವಳು ಶಿವಾಜಿನಗರಕ್ಕೆ ಹೋಗಲಿಲ್ಲ. ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಒಳ್ಳೆಯ ಸೀರೆ ಉಟ್ಟು, ಮನೆ ಒರೆಸಿದಳು. ಎಲ್ಲಿಗಾದರೂ ಹೊರಟಿದ್ದಾಳೆ ಎಂದುಕೊಂಡ ಮಧುಕರ.

‘ಇವತ್ತು ಎಷ್ಟು ಗಂಟೆಗೆ ಬರ್ತಾರೆ?’ ಎಂದು ಕೇಳಿದಳು.

‘ಯಾರು?’

‘ಗ್ರಿಲ್ಲಿಗೆ. ಸಕ್ಲೇನ್ ನಾಕೈದು ಅಂದನಲ್ಲ.’

ಯಾರೂ ಬರುವುದಿಲ್ಲ ಎಂದ. ಬಂದರೆ ಹಾಲು ಸಾಲದು, ಒಂದು ಪ್ಯಾಕೆಟ್ ತಂದಿಡು ಎಂದು ಅವಳು ಅಡುಗೆಮನೆಗೆ ಹೋದಳು. ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ಮಧುಕರ ತಡೆದುಕೊಳ್ಳುತ್ತಿದ್ದ. ಅವಳು ನಿಜವಾಗಿಯೂ ತಯಾರಾಗಿದ್ದಳು. ಮಗನ ಹೊಟ್ಟೆಪಾಡು ಅದರ ಮೇಲಿದೆ ಎಂದು ಒಪ್ಪಿಕೊಂಡು, ಬಾಡಿಗೆ ಮನೆಗಳ ಕಾಲಕ್ಕೆ ವಾಪಸ್ ಹೋಗಿದ್ದಳು.

ಅವನು ಆಗಲೇ ಫೋನ್ ತೆಗೆದು ಎಲ್ಲ ಜಾಹೀರಾತುಗಳಿಂದ ಆ ಸಾಲು ಅಳಿಸಿದ. ಹನ್ನೊಂದು ಇದ್ದದ್ದನ್ನು ಎಂಟು ಮಾಡಿದ. ‘ಹೋಟೆಲಿನದು’ ಎಂದು ಬರೆದ. ಸಕ್ಲೇನನಿಗೆ ತಿಳಿಸಿದಾಗ ಅವನು, ‘ಮಾಡು ಗುರು. ಹನ್ನೊಂದಕ್ಕೆ ಮಾರಿದ್ದು ಒಂದೇ ತಾನೆ,’ ಎಂದಷ್ಟೇ ಹೇಳಿದ. ಮಧುಕರನಿಗೆ ಸ್ವಲ್ಪ ಹಗುರಾಯಿತು. ಆದರೆ ಅಮ್ಮನಿಗೆ ಅದು ಗೊತ್ತಾಗಬೇಕಲ್ಲ. ಹೋಗಿ ಹೇಳಲು ಮಾತು ಬರಲಿಲ್ಲ. ಫೋನ್ ಬರಲಿ ಎಂದು ಕಾದ.

ಮಧ್ಯಾಹ್ನದ ಹೊತ್ತಿಗೆ ಬಂತು. ಸರ್ವಜ್ಞನಗರದಿಂದ ಒಬ್ಬ ಗಂಡಸು. ಫೈವ್ ಸ್ಟಾರ್ ನೋಡಿ ಮಾಡುತ್ತಿದ್ದೇನೆ ಎಂದ. ರೇಟು ಕೇಳಿದ, ಡೆಲಿವರಿ ಕೇಳಿದ. ಮಧುಕರ ಅಡುಗೆಮನೆಯ ಬಾಗಿಲ ಹತ್ತಿರ ಹೋಗಿ ನಿಂತ. ಅಮೃತಮ್ಮ ಒಲೆಯ ಕಡೆ ಮುಖ ಮಾಡಿದ್ದಳು.

‘ನಿಮ್ದು ಪ್ಯೂರ್ ವೆಜ್ ಫ್ಯಾಮಿಲಿ ಅಲ್ವಾ?’ ಎಂದ ಗಂಡಸು.

‘ಅಲ್ಲ ಸಾರ್,’ ಎಂದ ಮಧುಕರ, ಬೇಕಾದ್ದಕ್ಕಿಂತ ಜೋರಾಗಿ. ‘ನಾವು ಬೀಫ್ ತಿನ್ನೋರು. ಆ ಗ್ರಿಲ್ಲಲ್ಲೂ ಬೀಫೇ ಸುಟ್ಟಿದ್ದು.’

ಆ ಕಡೆಯವನು ಫೋನ್ ಇಟ್ಟ. ಮಧುಕರ ಫೋನನ್ನು ಕಿವಿಯಿಂದ ತೆಗೆಯಲು ಸ್ವಲ್ಪ ಹೊತ್ತು ತೆಗೆದುಕೊಂಡ. ಏನೋ ದೊಡ್ಡದನ್ನು ಮಾಡಿದಂತೆ, ಎಲ್ಲ ಸರಿಯಾದಂತೆ ಅನ್ನಿಸಿತು. ಅಮ್ಮ ತಿರುಗಿ ನೋಡಲಿ ಎಂದು ನಿಂತ.

ಅಮೃತಮ್ಮ ಒಲೆ ಸಣ್ಣ ಮಾಡಿದಳು. ತಿರುಗಲಿಲ್ಲ.

‘ಮುಖ ಕಾಣದೋರಿಗೆ ಹೇಳ್ದೆ,’ ಎಂದಳು. ‘ಆಯಮ್ಮ ಇಲ್ಲೇ ಕೂತಿದ್ರು. ನಾನು ನಿನ್ನೇ ನೋಡ್ತಾ ನಿಂತಿದ್ದೆ.’

ಅವನ ಕೈಯಲ್ಲಿ ಫೋನ್ ಮತ್ತೆ ಅದುರಿತು. ಯಾರೋ ‘ಲಾಸ್ಟ್ ಎಷ್ಟು’ ಎಂದು ಕೇಳಿದ್ದರು. ಮಧುಕರ ಅದನ್ನು ತೆರೆಯಲಿಲ್ಲ. ಅಮ್ಮ ಅನ್ನಕ್ಕೆ ನೀರು ಅಳೆದು ಹಾಕುವುದನ್ನು ನೋಡುತ್ತ, ಒಳಗೆ ಹೋಗಲೂ ಆಗದೆ ಹೊರಗೆ ಬರಲೂ ಆಗದೆ ನಿಂತ.